ಧಾಟಿ ಹಳೆಯದಿರಲಿ, ಮಾತಿಗೇನಾಗಿದೆ?

ಕಬ್ಬಿನ ಹಂಗಾಮಿನಲ್ಲಿ ಮುಧೋಳ–ಜಮಖಂಡಿ ರಸ್ತೆ ಹಿಡಿದವರಿಗೆ ಕಬ್ಬು ಕಾಣುವ ಮೊದಲೇ ಹಾಡು ಕೇಳುತ್ತದೆ. ಜೋಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್, ಅದರ ಮೇಲೆ ಕಟ್ಟಿದ ಸ್ಪೀಕರ್, ಎದೆಗೆ ಗುದ್ದುವ ಬೇಸ್. ಕಳೆದ ಹಂಗಾಮಿನಲ್ಲಿ ರಸ್ತೆ ಬದಿಯ ಚಹಾದಂಗಡಿ ಮುಂದೆ ನಿಂತಿದ್ದೆ. ಒಂದು ಟ್ರ್ಯಾಕ್ಟರ್ ಹಾಡುತ್ತ ಹೋಯಿತು, ಅದರ ಸದ್ದು ಅಡಗುವಷ್ಟರಲ್ಲಿ ಹಿಂದಿನಿಂದ ಇನ್ನೊಂದು ಬಂತು. ಮೊದಲಿನ ಹಾಡು ಎಲ್ಲಿ ಮುಗಿಯಿತು, ಎರಡನೆಯದು ಎಲ್ಲಿ ಶುರುವಾಯಿತು ಎಂಬುದು ನನಗೆ ತಿಳಿಯಲಿಲ್ಲ. ‘ಎರಡೂ ಒಂದ ಹಾಡೇನೋ ತಮ್ಮಾ?’ ಎಂದು ಅಂಗಡಿಯ ಹುಡುಗನನ್ನು ಕೇಳಿದೆ. ಅವನು ನಕ್ಕ. ‘ಇಲ್ರಿ ಕಾಕಾ, ಬ್ಯಾರೆ ಬ್ಯಾರೆ ಅದಾವು. ಅದು ಹೋದ ವರ್ಷದ್ದು, ಇದು ಈ ವರ್ಷದ್ದು. ಹಾಡಿದಾಂವ ಮಾತ್ರ ಒಬ್ಬನ.’

ಉತ್ತರ ಕರ್ನಾಟಕದ ಇಂದಿನ ಜನಪದ ಹಾಡುಗಳ ಬಗ್ಗೆ ಓದಿದವರು ಮಾಡುವ ಮೊದಲ ಆಕ್ಷೇಪವೇ ಇದು: ಒಂದು ಹಾಡು ಗೆದ್ದರೆ ಸಾಕು, ಅದೇ ಗಾಯಕ ಅದನ್ನೇ ಹೊರಳಿಸಿ ಮರಳಿಸಿ ಹತ್ತು ಸಲ ಹಾಡುತ್ತಾನೆ, ಉಳಿದವರೂ ಅದನ್ನೇ ಹಿಡಿಯುತ್ತಾರೆ. ರಾಯಬಾಗ ತಾಲ್ಲೂಕಿನ ನಿಪನಾಳದ ಮಾಳು ನಿಪನಾಳ ಅವರ ಡ್ರೈವರ್–ಲವ್ವರ್ ಹಾಡು ಊರೂರು ಸುತ್ತಿ ಬೆಂಗಳೂರಿಗೂ ಮುಟ್ಟಿತು, ಅವರನ್ನು 2025ರಲ್ಲಿ ಬಿಗ್ ಬಾಸ್ ಮನೆಯೊಳಗೂ ಕರೆದೊಯ್ದಿತು. ಆಮೇಲೆ ನಮ್ಮ ಕಡೆಯ ಯೂಟ್ಯೂಬ್ ಚಾನೆಲ್‌ಗಳಲ್ಲಿ ಅವರಿವರು ಹಾಡಿದ ಡ್ರೈವರ್‌ಗಳಿಗೂ ಲವ್ವರ್‌ಗಳಿಗೂ ಬರವಿಲ್ಲ. ಆಕ್ಷೇಪದಲ್ಲಿ ಹುರುಳಿದೆ. ಆದರೆ ದೂರು ತಪ್ಪು ವಿಳಾಸಕ್ಕೆ ಹೋಗುತ್ತಿದೆ ಎಂಬುದು ನನ್ನ ಅನಿಸಿಕೆ.

ಹಳೆಯ ಭಜನೆ ಪುಸ್ತಕವನ್ನೋ ಕಂಪನಿ ನಾಟಕದ ಪದಗಳ ಪುಸ್ತಕವನ್ನೋ ತೆರೆದು ನೋಡಿ. ಅಂಥದ್ದೊಂದು ನಮ್ಮ ಮನೆಯಲ್ಲೂ ಇದೆ, ರಟ್ಟು ಹೋಗಿದೆ, ಅಂಚು ಗೆದ್ದಲು ತಿಂದಿದೆ. ಪದದ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ‘ಧಾಟಿ’ ಎಂದು ಅಚ್ಚಾಗಿ, ಮುಂದೆ ಇನ್ನೊಂದು ಹಾಡಿನ ಹೆಸರು ಇರುತ್ತದೆ. ಈ ಪದವನ್ನು ಆ ಹಾಡಿನಂತೆ ಹಾಡಿಕೊಳ್ಳಿ ಎಂದರ್ಥ. ಅದರಲ್ಲಿ ಕದ್ದುಮುಚ್ಚಿ ಏನೂ ಇಲ್ಲ. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಎರಡೂ ಮರಾಠಿ ಅರಸರ ಸಂಸ್ಥಾನಗಳಾಗಿದ್ದ ನೆಲವಿದು; ಮರಾಠಿಯ ‘ಚಾಲ್’ (ಧಾಟಿ) ಇಲ್ಲಿಗೆ ಬಂತು, ಇಲ್ಲಿಯದು ಅಲ್ಲಿಗೂ ಹೋಯಿತು. ಗುರ್ಲಹೊಸೂರಿನಲ್ಲಿ ಹುಟ್ಟಿ ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ತಮ್ಮ ಪದಗಳಿಗೆ ಕನ್ನಡದ ಧಾಟಿಗಳನ್ನೂ ಬಳಸಿಕೊಂಡರು. ಯಾರೂ ಅದನ್ನು ಕಳವು ಎನ್ನಲಿಲ್ಲ.

ಬೀಸುಕಲ್ಲಿನ ಪದಗಳನ್ನೇ ತೆಗೆದುಕೊಳ್ಳಿ. ನಸುಕಿನಲ್ಲಿ ಎದ್ದು ಜೋಳ ಬೀಸಲು ಕೂತ ಹೆಣ್ಣುಮಕ್ಕಳು ಹಿಟ್ಟು ಮುಗಿಯುವ ತನಕ ಒಂದೇ ಧಾಟಿಯಲ್ಲಿ ಹಾಡುತ್ತಿದ್ದರು. ಕಲ್ಲು ತಿರುಗುವ ಗತಿಯೇ ತಾಳ. ತವರು, ಅಣ್ಣ, ಅತ್ತೆ, ಹಡೆದವ್ವ, ಮಳೆ ಹೀಗೆ ಮಾತು ಬದಲಾಗುತ್ತ ಹೋಗುತ್ತಿತ್ತು, ದನಿ ಅದೇ. ಹಲಸಂಗಿಯ ಗೆಳೆಯರು ಆ ತ್ರಿಪದಿಗಳನ್ನು ಆಯ್ದು 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕ ಮಾಡಿದರು. ಅಚ್ಚಿಗೆ ಹೋಗುವಾಗ ಧಾಟಿ ಕಳಚಿಬಿತ್ತು, ಮಾತಷ್ಟೇ ಉಳಿಯಿತು. ಆ ಮಾತಿನ ಬಲದ ಮೇಲೆಯೇ ಪುಸ್ತಕ ಇಂದಿಗೂ ನಿಂತಿದೆ. ಎಲ್ಲ ತ್ರಿಪದಿಗಳೂ ಒಂದೇ ಧಾಟಿಯವು ಎಂದು ಮೂಗು ಮುರಿದ ಓದುಗನನ್ನು ನಾನಂತೂ ಕಂಡಿಲ್ಲ.

ಟ್ರ್ಯಾಕ್ಟರ್ ಹಾಡನ್ನು ನಾನು ಈ ಸಾಲಿನಲ್ಲಿಟ್ಟು ನೋಡುತ್ತೇನೆ. ಕಾರ್ಖಾನೆಯ ಯಾರ್ಡಿನಲ್ಲಿ ಪಾಳಿ ಕಾಯುತ್ತ ರಾತ್ರಿ ಕಳೆಯುವ ಚಾಲಕನಿಗೆ, ಲೋಡ್ ಹೊತ್ತು ಏರು ಹತ್ತಿಸುವಾಗ ಕಣ್ಣು ಮುಚ್ಚದಂತೆ ನೋಡಿಕೊಳ್ಳುವ ಹಾಡು ಬೇಕು. ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನಲ್ಲಿ ಖಟಖಟ ಸದ್ದಿನ ನಡುವೆ ದಿನವಿಡೀ ನಿಲ್ಲುವ ನೇಕಾರನ ಕಿವಿಗೆ ಸೂಕ್ಷ್ಮ ಗಮಕ ಮುಟ್ಟುವುದಿಲ್ಲ, ಪರಿಚಿತ ತಾಳ ಮುಟ್ಟುತ್ತದೆ. ಇವು ದುಡಿಮೆಯ ಹಾಡುಗಳು. ಬೀಸುಕಲ್ಲಿನ ಜಾಗದಲ್ಲಿ ಎಂಜಿನ್ ಬಂದಿದೆ, ಅಷ್ಟೇ.

ತಯಾರಾಗುವ ಬಗೆಯೂ ಹಾಡುಗಳನ್ನು ಒಂದೇ ಅಚ್ಚಿಗೆ ತಳ್ಳುತ್ತದೆ. ಮೊದಲು ಟ್ರ್ಯಾಕ್ ಸಿದ್ಧವಿರುತ್ತದೆ: ಕೀಬೋರ್ಡಿನ ಒಂದು ಎತ್ತುಗಡೆ, ರಿದಂ ಪ್ಯಾಡಿನ ಒಂದು ಲಯ. ಗಾಯಕ ಸ್ಟುಡಿಯೋಕ್ಕೆ ಬಂದು ಅದಕ್ಕೆ ಮಾತು ಕೂರಿಸುತ್ತಾನೆ. ರೀಲ್ಸ್‌ನಲ್ಲಿ ಬೆರಳು ಮುಂದಕ್ಕೆ ಜಾರುವ ಮೊದಲು ಕೇಳುಗ ಹಿಡಿತಕ್ಕೆ ಸಿಗಬೇಕು. ಗುರುತಿನ ಎತ್ತುಗಡೆ ಕೇಳಿದರೆ ಬೆರಳು ತಡೆಯುತ್ತದೆ. ಒಂದನ್ನು ಕೇಳಿದವನಿಗೆ ಯೂಟ್ಯೂಬ್ ಅಂಥದ್ದನ್ನೇ ಇನ್ನೊಂದು ಬಡಿಸುತ್ತದೆ. ಗಾಯಕನ ಹೊಟ್ಟೆ ತುಂಬಿಸುವುದು ಜಾತ್ರೆಯ ರಸಮಂಜರಿ. ಅಲ್ಲಿ ವೇದಿಕೆ ಹತ್ತುತ್ತಿದ್ದಂತೆ ಜನ ಕೂಗುವುದು ಹಳೆಯ ಹಿಟ್ ಹಾಡಿನ ಹೆಸರನ್ನೇ. ಹೊಸದನ್ನು ಎತ್ತಿಕೊಂಡರೆ ಹಿಂದಿನ ಸಾಲಿನವರು ಎದ್ದು ಮಿರ್ಚಿ ಭಜಿ ಅಂಗಡಿಗೆ ಹೋಗುತ್ತಾರೆ. ಇದನ್ನೆಲ್ಲ ನೋಡಿದ ಗಾಯಕ ಮುಂದಿನ ಹಾಡನ್ನು ಹೇಗೆ ಕಟ್ಟಬೇಕು ಹೇಳಿ?

ಬೆಂಗಳೂರಿನವರು ನಗಬೇಕಾಗಿಲ್ಲ. 2006ರ ಕೊನೆಗೆ ‘ಮುಂಗಾರು ಮಳೆ’ ಬಂದ ಮೇಲೆ ಸೋನು ನಿಗಮ್ ದನಿ, ಜಯಂತ ಕಾಯ್ಕಿಣಿ ಸಾಲು, ಮಳೆಯಲ್ಲಿ ನೆನೆದ ಮೆಲೊಡಿ ಇವನ್ನು ಬಿಟ್ಟು ಪ್ರೇಮಗೀತೆಯೇ ಇಲ್ಲವೇನೋ ಎಂಬಂತೆ ಗಾಂಧಿನಗರ ಕೆಲವು ವರ್ಷ ನಡೆದುಕೊಂಡಿತು. ಅಮೆರಿಕದ ಫೋರ್ ಟಾಪ್ಸ್ ತಂಡವಂತೂ 1965ರಲ್ಲಿ ಒಂದು ಹಾಡು ಮೊದಲ ಸ್ಥಾನಕ್ಕೇರಿದ ಕೂಡಲೇ ಅದನ್ನೇ ಹೋಲುವ ಇನ್ನೊಂದನ್ನು ಹೊರತಂದಿತು. ಆ ಎರಡನೆಯದರ ಶೀರ್ಷಿಕೆಯ ಅರ್ಥವೇ ‘ಅದೇ ಹಳೆಯ ಹಾಡು’!

ಧಾಟಿಯ ತಕರಾರು ನ್ಯಾಯಾಲಯಕ್ಕೂ ಹೋಗಿದೆ. ಜಾನ್ ಫಾಗರ್ಟಿ ಎಂಬ ರಾಕ್ ಗಾಯಕ 1970ರಲ್ಲಿ ತನ್ನ ತಂಡಕ್ಕೆಂದು ಬರೆದ ಹಾಡೊಂದರ ಹಕ್ಕು ಫ್ಯಾಂಟಸಿ ಎಂಬ ಕಂಪನಿಯ ಕೈಯಲ್ಲಿತ್ತು. 1984ರ ಕೊನೆಗೆ ಬಂದ ಅವನದೇ ಬೇರೊಂದು ಹಾಡು ಅದನ್ನು ಹೋಲುತ್ತದೆ ಎಂದು ಕಂಪನಿ ದಾವೆ ಹೂಡಿತು. ತನ್ನನ್ನೇ ತಾನು ನಕಲು ಮಾಡಿದ ಆರೋಪ! ಫಾಗರ್ಟಿ ಸಾಕ್ಷಿ ಕಟ್ಟೆಗೆ ಗಿಟಾರ್ ಒಯ್ದು ಎರಡನ್ನೂ ನುಡಿಸಿ ತೋರಿಸಿದ. ಇದು ನನ್ನ ಶೈಲಿ, ನಾನು ಹಾಡಿದರೆ ನನ್ನಂತೆಯೇ ಕೇಳುತ್ತದೆ ಎಂಬುದು ಅವನ ವಾದದ ತಿರುಳು. 1988ರಲ್ಲಿ ಜ್ಯೂರಿ ಅವನ ಪರ ನಿಂತಿತು.

ನಮ್ಮ ಗಾಯಕರಿಗೆ ಈ ಕಥೆ ದೂರದ್ದಲ್ಲ. ಧಾಟಿ ಊರಿನದಾಗಿದ್ದ ಕಾಲ ಮುಗಿದು ಈಗ ಅದು ಚಾನೆಲ್ಲಿನದಾಗುತ್ತಿದೆ. ಒಂದು ಮೊತ್ತಕ್ಕೆ ಹಾಡು ಬರೆದುಕೊಟ್ಟರೆ, ನಾಳೆ ಅದನ್ನು ಹೋಲುವ ಸ್ವಂತ ಹಾಡಿನ ಮೇಲೂ ಹಕ್ಕಿನ ನೋಟಿಸ್ ಬರಬಹುದು. ಕಾಗದಕ್ಕೆ ಸಹಿ ಹಾಕುವ ಮೊದಲು ಒಂದು ಸಂಗತಿ ತಿಳಿದಿರಲಿ: 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಮತ್ತು ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಮಾತ್ರ. ಬಾಯಿಮಾತಿನ ಕೊಡು-ಕೊಳ್ಳುವಿಕೆಗೆ ಒಗ್ಗಿದವರು ಇದನ್ನು ಗೋಡೆಗೆ ಅಂಟಿಸಿಕೊಂಡರೂ ಸರಿಯೇ.

ಹಾಗಾದರೆ ದೂರು ಹೋಗಬೇಕಾದ ವಿಳಾಸ ಯಾವುದು? ಮಾತು. ಡ್ರೈವರ್ ಹಾಡು ಗೆದ್ದದ್ದು ಧಾಟಿಯಿಂದಷ್ಟೇ ಅಲ್ಲ. ಲೈಸೆನ್ಸು, ಸ್ಟೇರಿಂಗು, ಧೂಳು ಹಿಡಿದ ಅಂಗಿಯ ಆಳು ಮನುಷ್ಯನೊಬ್ಬ ನಾನೂ ಪ್ರೇಮಿ ಎಂದು ಎದೆ ತಟ್ಟಿ ಹೇಳಿಕೊಳ್ಳುವುದು ಪದಕ್ಕೆ ಹೊಸ ಸರಕಾಗಿತ್ತು. ಅದನ್ನು ಹಿಂಬಾಲಿಸಿ ಬಂದವರು ಧಾಟಿಯನ್ನು ಎರವಲು ತಂದಿದ್ದರೆ ಸಂಪ್ರದಾಯ ಒಪ್ಪುತ್ತಿತ್ತು. ಅವರು ಡ್ರೈವರನನ್ನೂ ತಂದರು, ಕೈಕೊಟ್ಟ ಹುಡುಗಿಯನ್ನೂ ಅವಳಿಗೆ ಹಾಕುವ ಬೈಗುಳವನ್ನೂ ತಂದರು. ಆ ಬೈಗುಳದ ಬಗ್ಗೆ ಹೆಚ್ಚು ಹೇಳುವುದು ಬೇಡ. ಮನೆಯವರ ಜತೆ ಕೂತು ಕೇಳಿದರೆ ತಾನೇ ಗೊತ್ತಾಗುತ್ತದೆ.

ಮಾತನ್ನೂ ಎರವಲು ತರುವ ಈ ಆಟ ಗೀಗೀ ಮೇಳದವರ ಎದುರು ನಡೆಯುತ್ತಿರಲಿಲ್ಲ. ಹರದೇಶಿ–ನಾಗೇಶಿ ವಾದದಲ್ಲಿ ಒಂದು ಮೇಳ ಗಂಡು ಹೆಚ್ಚೆಂದರೆ ಇನ್ನೊಂದು ಹೆಣ್ಣು ಹೆಚ್ಚೆನ್ನಬೇಕು. ದಪ್ಪು, ತುಂತುಣಿ, ತಾಳ ಇಬ್ಬರಿಗೂ ಒಂದೇ. ಸವಾಲಿಗೆ ಮಾತಿನಲ್ಲೇ ಜವಾಬು ಕೊಡಬೇಕು, ಬೆಳತನಕ. ಅದೇ ಉತ್ತರವನ್ನು ಎರಡನೇ ಸಲ ಹಾಡಿದವನು ಎದುರು ಮೇಳದ ನಗೆಗೆ ಈಡಾಗುತ್ತಿದ್ದ. ಮುಧೋಳಕ್ಕೆ ತಾಗಿದ ರಾಮದುರ್ಗ ಸೀಮೆಯ ಹುಲಕುಂದ ಭೀಮಕವಿ ಇದೇ ಗೀಗೀ ಧಾಟಿಗೆ ಸ್ವಾತಂತ್ರ್ಯ ಚಳವಳಿಯನ್ನು ತುಂಬಿದರು. ಜನ ಪಡುತ್ತಿದ್ದ ಪಾಡು ಹಾಡಿನೊಳಗೆ ಬಂತು.

ನಮ್ಮ ಕಾಲದ ಸಂಗತಿಗೇನು ಕಡಿಮೆಯೇ? 2025ರ ನವೆಂಬರ್‌ನಲ್ಲಿ ಕಬ್ಬಿನ ದರಕ್ಕಾಗಿ ಮುಧೋಳದ ಸುತ್ತ ರೈತರು ಬೀದಿಗಿಳಿದರು. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರ ಮಕ್ಕಳು ಪುನರ್ವಸತಿ ಕೇಂದ್ರಗಳಲ್ಲಿ ಬೆಳೆದು ದೊಡ್ಡವರಾಗಿದ್ದಾರೆ. ರಬಕವಿ-ಬನಹಟ್ಟಿಯ ನೇಕಾರನಿಗೆ ನೂಲಿನ ದರ, ಕರೆಂಟ್ ಬಿಲ್ ಎರಡೂ ಕುತ್ತಿಗೆಗೆ ಬಂದಿವೆ. ಟ್ರ್ಯಾಕ್ಟರ್ ಮೇಲಿನ ಹಾಡಿನಲ್ಲಿ ಟ್ರ್ಯಾಕ್ಟರ್ ಇದೆ, ಡ್ರೈವರ್ ಇದ್ದಾನೆ. ಹಿಂದಿನ ಟ್ರೇಲರ್‌ನಲ್ಲಿರುವ ಕಬ್ಬಿನ ಬಿಲ್ಲಿನ ಮಾತು ಮಾತ್ರ ನನ್ನ ಕಿವಿಗೆ ಬಿದ್ದಿಲ್ಲ.

ಗಾಯಕರಿಗೆ ಉಪದೇಶ ಮಾಡಿ ಪ್ರಯೋಜನವಿಲ್ಲ, ಅವರು ಕೇಳುಗ ಕೇಳಿದ್ದನ್ನು ಕೊಡುತ್ತಾರೆ. ನನ್ನ ವಿನಂತಿ ಜಾತ್ರಾ ಕಮಿಟಿಯವರಿಗೆ. ರಸಮಂಜರಿಗೆ ಮುಂಗಡ ಕೊಡುವಾಗ ಒಂದು ಮಾತು ಕಿವಿಗೆ ಹಾಕಿ: ಹಳೆಯ ಹಿಟ್ ಹಾಡಲಿ, ಒನ್ಸ್ ಮೋರ್ ಕೂಡ ಆಗಲಿ, ಜತೆಗೆ ನಮ್ಮೂರಿನ ಮೇಲೆ ಹೊಸದೊಂದು ಪದ ಕಟ್ಟಿಕೊಂಡು ಬರಲಿ. ಧಾಟಿ ಬೇಕಾದರೆ ಅದೇ ಇರಲಿ.