ಕಾರ್ಬನ್ ಸೈಕಲ್ಲು ಯಾರಿಗೆ ಬೇಕು?

ನಾನು ಘಾಟ್ಕೋಪರಿಗೆ ಬಂದು 28 ವರ್ಷ. ಇಲ್ಲಿ ಡಬ್ಬಾವಾಲಾಗಳ ಸೈಕಲ್ಲು ಇಂದಿಗೂ ಉಕ್ಕಿನದ್ದೇ. ಭಾನುವಾರ ಬೆಳಗ್ಗೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಓಡುವ ಕಾರ್ಬನ್ ಸೈಕಲ್ಲುಗಳದ್ದು ಬೇರೆಯೇ ಲೋಕ. ಯಾವುದು ಮೇಲು? ಕೆಲಸ ನೋಡಿ ಹೇಳಬೇಕು ಅನ್ನೋನು ನಾನು.

ಕಾರ್ಬನ್ನಿನ ಗುಣ ಒಪ್ಪಲೇಬೇಕು. ಒಳ್ಳೆ ರೇಸ್ ಫ್ರೇಮ್ ಒಂದು ಕಿಲೋ ಆಸುಪಾಸು, ಉಕ್ಕಿನದ್ದು ಹೆಚ್ಚುಕಡಿಮೆ ಅದರ ಎರಡರಷ್ಟು. ತುಕ್ಕಿಲ್ಲ, ಮುಂಬೈ ಮಳೆಯಲ್ಲಿ ಅದು ಸಣ್ಣ ಮಾತಲ್ಲ. ಎಳೆಗಳನ್ನು ಬೇಕಾದ ದಿಕ್ಕಿಗೆ ಕೂರಿಸಿ, ಎಲ್ಲಿ ಬಿಗಿ ಬೇಕೋ ಅಲ್ಲಿ ಬಿಗಿ ಮಾಡಬಹುದು. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಕ್ರಿಸ್ ಬೋರ್ಡ್‌ಮನ್ ಚಿನ್ನ ಗೆದ್ದದ್ದು ಲೋಟಸ್‌ನವರ ಕಾರ್ಬನ್ ಸೈಕಲ್ಲಿನ ಮೇಲೆ.

ಆದರೆ ಏಟು ಬಿದ್ದರೆ? ಉಕ್ಕು ಬಾಗಿ ತೋರಿಸುತ್ತೆ, ವೆಲ್ಡಿಂಗ್‌ನವನು ಸರಿ ಮಾಡಿಕೊಡ್ತಾನೆ. ಕಾರ್ಬನ್ ಹಾಗಲ್ಲ. ಮೇಲಿನ ಬಣ್ಣ ಹಾಗೇ ಇದ್ದು ಒಳಗೆ ಪದರ ಬಿಟ್ಟಿರಬಹುದು. ಒಂದು ದಿನ ಇಳಿಜಾರಿನಲ್ಲಿ ಹಠಾತ್ತನೆ ಮುರಿಯಬಹುದು. ರಿಪೇರಿ ಆಗುತ್ತೆ, ಆದರೆ ಬಲ್ಲವರೇ ಮಾಡಬೇಕು.

ಮೊನ್ನೆ ವಿಜಯಪುರದಿಂದ ಅಕ್ಕನ ಮಗನ ಫೋನು: "ಮಾಮಾ, ಅಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಬನ್ ಫ್ರೇಮ್ ಸಿಗ್ತಾವೇನ್ರಿ?" ಸೈಕ್ಲಿಸ್ಟ್‌ಗಳ ಊರು ಅದು, ಹುಡುಗರ ಆಸೆ ತಪ್ಪಲ್ಲ. ಆದರೂ ಬೇಡ ಅಂದೆ. ಯಾರು ಎಲ್ಲಿ ಬೀಳಿಸಿದ್ದಾರೋ ಯಾರಿಗೆ ಗೊತ್ತು? ಅದೇ ದುಡ್ಡಿಗೆ ಹೊಸ ಅಲ್ಯೂಮಿನಿಯಂ ಸೈಕಲ್ಲು ತಗೋ, ಉಳಿದರೆ ಒಳ್ಳೆ ಟೈರಿಗೆ, ಊಟಕ್ಕೆ ಹಾಕು ಅಂದೆ.

ದೊಡ್ಡ ರೇಸಿಗೆ ಹೋಗುವ ಹುಡುಗರಿಗೆ ಹೊಸ ಕಾರ್ಬನ್ ಬೇಕೇ ಬೇಕು. ಅದನ್ನು ಕೊಡಿಸೋ ಹೊಣೆ ತಂಡದ್ದು, ಸಾಲ ಮಾಡುವ ಅಪ್ಪನದ್ದಲ್ಲ. ನೀವೇನಂತೀರಿ?