ಝಿಂಗಾಟ್‌ಗೆ ಕುಣಿದ ಕಾಕಾ, ಮೀರಾಳನ್ನು ನೋಡಿ ಯಾಕೆ ಸಿಟ್ಟಾದರು?

ಎಳ್ಳ ಅಮಾಸಿಗೆ ಊರಿಗೆ ಹೋಗಿದ್ದೆ. ನಮ್ಮೂರು ಶಿರವಾಳ, ಶಹಾಪುರ ತಾಲೂಕು. ಬೆಂಗಳೂರಲ್ಲಿ ಯಾರಾದರೂ ಕೇಳಿದರೆ ಯಾದಗಿರಿ ಅಂತೀನಿ, ಮುಖ ನೋಡಿ ಅದೂ ತಿಳಿದಂಗೆ ಕಾಣಲಿಲ್ಲ ಅಂದ್ರೆ ಕಲಬುರಗಿ ಕಡೆ ಅಂತ ಮುಗಿಸಿಬಿಡ್ತೀನಿ. ಹಳೇ ಕಲ್ಲಿನ ಗುಡಿಗಳಿರೋ ಊರು. ಆದರೆ ಇವತ್ತು ಗುಡಿ ವಿಷಯ ಅಲ್ಲ, ಪಿಚ್ಚರ್ ವಿಷಯ.

ಅಮಾಸಿ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ ಪಲ್ಯ, ಸಜ್ಜಿ ರೊಟ್ಟಿ, ಸೇಂಗಾ ಹೋಳಿಗೆ ತಿಂದು ಬಂದವರಿಗೆ ಸಂಜೆ ಆಗೋದರೊಳಗೆ ಮೈ ಭಾರ. ಕಾಕಾ ಕಟ್ಟೆ ಕಡೆ ಹೋಗಿದ್ದರು. ಆಯಿ ಮಲಗಿದ್ದಳು. ಅಡುಗೆಮನೆಯಲ್ಲಿ ಚಿಗವ್ವ, ಅವಳ ಮಗಳು ಮತ್ತು ನಾನು. ಅವಳ ಮಗಳು ಸೆಕೆಂಡ್ ಪಿಯುಸಿ, ದಿನಾ ಬಸ್ಸಿಗೆ ಶಹಾಪುರಕ್ಕೆ ಹೋಗಿಬರ್ತಾಳೆ. "ಅಕ್ಕಾ, ಯಾವುದರ ಚಂದನ್ನ ಪಿಚ್ಚರ್ ಹಚ್ಚು" ಅಂದಳು. ಫೋನನ್ನು ರೊಟ್ಟಿ ಬುಟ್ಟಿಗೆ ಒರಗಿಸಿಟ್ಟು 'ಗಂಟುಮೂಟೆ' ಹಚ್ಚಿದೆ.

ನೋಡದವರಿಗೆ ಎರಡು ಮಾತು. 2019ರ ಅಕ್ಟೋಬರ್‌ನಲ್ಲಿ ತೆರೆಗೆ ಬಂದ ಸಿನಿಮಾ. ಬರೆದು ನಿರ್ದೇಶಿಸಿದವರು ರೂಪಾ ರಾವ್. ತೊಂಬತ್ತರ ದಶಕದ ಬೆಂಗಳೂರು, ಹೈಸ್ಕೂಲು ಹುಡುಗಿ ಮೀರಾ, ಅವಳ ಕ್ಲಾಸಿನ ಮಧು. ಮೀರಾ ಆಗಿ ತೇಜು ಬೆಳವಾಡಿ, ಮಧು ಆಗಿ ನಿಶ್ಚಿತ್ ಕೊರೋಡಿ. ಇಲ್ಲಿ ಬಿಡುಗಡೆ ಆಗೋಕೂ ಮುಂಚೆ ನ್ಯೂಯಾರ್ಕ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಚಿತ್ರಕಥೆಗೆ ಪ್ರಶಸ್ತಿ ಬಂದಿತ್ತು. ಕತೆಯೆಲ್ಲ ಮೀರಾಳದೇ. ಅವಳು ನೋಡಿದ್ದು, ಅವಳಿಗೆ ಅನಿಸಿದ್ದು, ಅವಳೇ ಹೇಳ್ತಾಳೆ. ಹುಡುಗನ ಮುಖದಲ್ಲಿ ಸಲ್ಮಾನ್ ಖಾನ್ ಕಾಣುವಷ್ಟು ಸಿನಿಮಾ ಹುಚ್ಚು ಅವಳಿಗೆ.

ಹೆಸರು ಕೇಳಿ ಚಿಗವ್ವ ನಕ್ಕಳು. "ಗಂಟುಮೂಟಿ ಅಂದ್ರ ಗುಳೆ ಹೋಗೋರ ಪಿಚ್ಚರ್ ಏನು?" ಅಂದಳು. ನಮ್ಮ ಕಡೆ ಆ ಪದ ಕೇಳಿದರೆ ಕಣ್ಣಿಗೆ ಬರೋದು ಬಸ್‌ಸ್ಟ್ಯಾಂಡಿನಲ್ಲಿ ಹಾಸಿಗೆ, ಪಾತ್ರೆ ಕಟ್ಟಿಕೊಂಡು ಬೆಂಗಳೂರಿಗೋ ಪುಣೆಗೋ ಹೊರಟು ನಿಂತ ಸಂಸಾರಗಳೇ. ಮನಸ್ಸಿನಾಗಿನ ಗಂಟು ಅಂತ ನಾನು ಹೇಳಿದೆ. "ಹಂಗಾದ್ರ ಎಲ್ಲಾರ ಬಲ್ಲೂ ಅದ" ಅಂದು ಬೆಳ್ಳುಳ್ಳಿ ಸುಲಿಯುತ್ತಾ ಕೂತಳು.

ಶುರುವಿನಲ್ಲೇ ಒಂದು ದೃಶ್ಯ ಬರ್ತದೆ. ಕತ್ತಲ ಥಿಯೇಟರು, ಸಿನಿಮಾ ನೋಡ್ತಾ ಮೈಮರೆತ ಹುಡುಗಿ, ಮತ್ತೆ ಗುರುತಿಲ್ಲದ ಒಬ್ಬ ಗಂಡಸಿನ ಕೈ. ಚಿಗವ್ವನ ಕೈಯೊಳಗಿನ ಬೆಳ್ಳುಳ್ಳಿ ಅಲ್ಲೇ ನಿಂತಿತು. ಏನೂ ಮಾತಾಡಲಿಲ್ಲ. ಬಂದ್ ಮಾಡ್ಲಾ ಅಂದೆ. ಬ್ಯಾಡ ಅಂತ ತಲೆ ಆಡಿಸಿದಳು.

ಆಮೇಲೆ ಸಿನಿಮಾ ಸ್ಕೂಲಿಗೆ ಬಂತು. ಮೀರಾ ಮಧುನನ್ನು ನೋಡೋದು ಶುರುವಾಯ್ತು. ತಂಗಿ ಫೋನಿಗೆ ಇನ್ನಷ್ಟು ಹತ್ತಿರ ಸರಿದಳು. ಅಷ್ಟರಲ್ಲಿ ಕಾಕಾ ನೀರು ಕುಡಿಯೋಕೆ ಒಳಗೆ ಬಂದರು. ತಂಬಿಗೆ ಹಿಡಿದು ಹಿಂದೆ ನಿಂತೇ ಎರಡು ನಿಮಿಷ ನೋಡಿದರು. ತೆರೆ ಮೇಲೆ ಇನ್ನೂ ಏನೂ ಆಗಿರಲಿಲ್ಲ. ಒಬ್ಬ ಹುಡುಗಿ ಒಬ್ಬ ಹುಡುಗನನ್ನು ನೋಡ್ತಿದ್ದಳು, ಅಷ್ಟೇ.

"ಏನ್ ನೋಡ್ಲಕತ್ತೀರಿ ಇದು? ಇಂಥಾವ ನೋಡೇ ಪೋರಗೋಳು ಕೆಡ್ಲಕತ್ತಾವ. ಮೊದಲ ಬಂದ್ ಮಾಡ್ರಿ."

ಬಂದ್ ಮಾಡಿದೆವು. ತಂಗಿ ಪುಸ್ತಕ ತಗೊಂಡು ಒಳಗೆ ಹೋದಳು. ಅವಳ ಫೋನು ಕಾಕಾನ ಅಂಗಿ ಕಿಸೆಗೆ ಹೋಯ್ತು. ಸಿನಿಮಾ ಓಡಿದ್ದು ನನ್ನ ಫೋನಲ್ಲಿ, ಜಪ್ತಿ ಆಗಿದ್ದು ಅವಳದು.

ಈಗ ಕಾಕಾನ ಬಗ್ಗೆ ಹೇಳಬೇಕು. ಊರಲ್ಲಿ ಅವರಷ್ಟು ಸಿನಿಮಾ ಹುಚ್ಚಿನವರು ಇನ್ನೊಬ್ಬರಿಲ್ಲ. 1987ರ 'ಪ್ರೇಮಲೋಕ'ದ ಹಾಡುಗಳು ಒಂದಾದರೂ ಬಿಡದೆ ಬಾಯಿಪಾಠ. ರವಿಚಂದ್ರನ್ ಬೈಕ್ ಹತ್ತಿ ಜೂಹಿ ಚಾವ್ಲಾ ಹಿಂದೆ ಬಿದ್ದ ಕಾಲೇಜು ಕತೆ ಅದು. ಹಂಸಲೇಖರ ಹಾಡಿನ ಮೇಲೇ ಇಡೀ ಸಿನಿಮಾ ನಿಂತಿದೆ. 2007ರ 'ಚೆಲುವಿನ ಚಿತ್ತಾರ'ಕ್ಕೆ ನಮ್ಮನ್ನೆಲ್ಲ ಕಟ್ಟಿಕೊಂಡು ಹೋಗಿದ್ದರು. ಅದರಲ್ಲಿ ಗಣೇಶ್ ಜೊತೆ ನಟಿಸಿದ ಅಮೂಲ್ಯಗೆ ಆಗ ಹದಿನಾಲ್ಕರ ಆಸುಪಾಸು. ಸ್ಕೂಲು ಹುಡುಗಿ ಮನೆ ಬಿಟ್ಟು ಹೋಗೋ ಕತೆ. ಕೊನೆಗೆ ಕಾಕಾ ಕಣ್ಣು ಒರೆಸಿಕೊಂಡಿದ್ದು ನನಗೆ ನೆನಪಿದೆ. ಆಗ ಯಾರೂ ಕೆಡ್ತೀವಿ ಅಂತ ಅವರಿಗೆ ಅನಿಸಿರಲಿಲ್ಲ.

ಇನ್ನು 'ಸೈರಾಟ್'. ನಾಗರಾಜ್ ಮಂಜುಳೆ ಅವರ ಮರಾಠಿ ಸಿನಿಮಾ, 2016ರ ಏಪ್ರಿಲ್ 29ಕ್ಕೆ ಬಂತು, ನೂರು ಕೋಟಿ ದಾಟಿದ ಮೊದಲ ಮರಾಠಿ ಚಿತ್ರ. ಸೋಲಾಪುರ ಜಿಲ್ಲೆಯ ಕರಮಾಳಾ ಕಡೆ ತೆಗೆದದ್ದು. ಕಲಬುರಗಿಯವರಿಗೆ ಸೋಲಾಪುರ ಅಂದರೆ ಪರದೇಶ ಅಲ್ಲ, ರೈಲು ಹತ್ತಿದರೆ ಮುಗೀತು. ಅದಕ್ಕೇ ಏನೋ, ಮರಾಠಿ ಸರಿಯಾಗಿ ಬರದ ನಮಗೂ ಆ ಕಬ್ಬಿನ ಹೊಲ, ಆ ಬಾವಿ, ಆ ಪಾಟೀಲರ ಮನೆ ಯಾವುದೂ ಹೊಸದು ಅನಿಸಲಿಲ್ಲ. ಮುಂದಿನ ವರ್ಷ ಅದೇ ಕತೆ 'ಮನಸು ಮಲ್ಲಿಗೆ' ಅಂತ ಕನ್ನಡಕ್ಕೆ ಬಂತು. ನಾಯಕಿ ಅದೇ ರಿಂಕು ರಾಜಗುರು. ನಿರ್ದೇಶನ ಎಸ್. ನಾರಾಯಣ್, ಹತ್ತು ವರ್ಷದ ಹಿಂದೆ 'ಚೆಲುವಿನ ಚಿತ್ತಾರ' ಮಾಡಿದ್ದವರೂ ಅವರೇ. ಆದರೆ ನಮ್ಮ ಕಡೆ ಮದುವೆ ಮೆರವಣಿಗೆಗಳಲ್ಲಿ ಡಿಜೆ ಹಚ್ಚಿದ್ದು ಮಾತ್ರ ಮರಾಠಿ ಝಿಂಗಾಟ್‌ನ್ನೇ. ಅದಕ್ಕೆ ಕುಣಿಯೋರ ನಡುವೆ ಧೋತರ ಮೇಲೆತ್ತಿ ಕಟ್ಟಿದ ನಮ್ಮ ಕಾಕಾ ಇರದ ವಿಡಿಯೋ ನಮ್ಮ ಮನೆಯವರ ಫೋನುಗಳಲ್ಲಿ ಸಿಗೋದಿಲ್ಲ.

ಸೈರಾಟ್ ನಾನು ನೋಡಿದ್ದು ಕಲಬುರಗಿಯಲ್ಲಿ ಓದುವಾಗ, ಹಾಸ್ಟೆಲ್ ಗೆಳತಿಯರ ಜೊತೆ. ಝಿಂಗಾಟ್ ಬಂದಾಗ ಮುಂದಿನ ಸಾಲಿನ ಹುಡುಗರು ಪರದೆ ಹತ್ತಿರ ಓಡಿ ಹೋಗಿ ಕುಣಿದರು, ಕಾಗದ ಹರಿದು ತೂರಿದರು. ಕೊನೆಗೆ ಸದ್ದೇ ಇಲ್ಲದ ಆ ದೃಶ್ಯ ಬಂತಲ್ಲ, ಪುಟ್ಟ ಮಗುವಿನ ಹೆಜ್ಜೆ ಗುರುತು, ಅದಾದ ಮೇಲೆ ಲೈಟು ಹತ್ತಿದರೂ ಯಾರೂ ಏಳಲಿಲ್ಲ. ಕುಣಿದ ಹುಡುಗರು ಒಬ್ಬರ ಮುಖ ಒಬ್ಬರು ನೋಡದೆ ಹೊರಗೆ ನಡೆದರು. ಬಾಗಿಲ ಹತ್ತಿರ ಒಬ್ಬ, "ಆ ಎಂಡಿಂಗ್ ಬ್ಯಾಡಾಗಿತ್ತಲೇ" ಅಂದ. ಇನ್ನೊಬ್ಬ ಏನೂ ಅನ್ನಲಿಲ್ಲ. ಮರುವಾರ ನಮ್ಮ ಹಾಸ್ಟೆಲ್ ತುಂಬ ಅದೇ ಹಾಡಿನ ರಿಂಗ್‌ಟೋನ್. ಕೊನೆಯ ಹತ್ತು ನಿಮಿಷದ ಬಗ್ಗೆ ಮಾತ್ರ ಯಾರೂ ಮಾತೆತ್ತಲಿಲ್ಲ. ಹಾಡು ಮನೆಗೆ ತಂದೆವು, ರಕ್ತ ಅಲ್ಲೇ ಬಿಟ್ಟು ಬಂದೆವು.

ಕಾಕಾ ಸಿಟ್ಟಾದ ಆ ರಾತ್ರಿ ಮಲಗಿಕೊಂಡು ನಾನು ಒಂದು ಲೆಕ್ಕ ಹಾಕಿದೆ. ಹುಡುಗ ನೋಡಿದರೆ ನಮ್ಮವರು ಸೀಟಿ ಹೊಡೀತಾರೆ, ಹುಡುಗಿ ನೋಡಿದರೆ ಬಂದ್ ಮಾಡು ಅಂತಾರೆ. ಪ್ರೇಮಲೋಕಕ್ಕೂ ಗಂಟುಮೂಟೆಗೂ ಇರೋ ವ್ಯತ್ಯಾಸ ಇಷ್ಟೇ ಅಂತ. ಆದರೆ ಸೈರಾಟ್‌ನ ಆರ್ಚಿ ನೆನಪಾದ ಕೂಡಲೇ ಲೆಕ್ಕ ತಪ್ಪಿತು. ಅವಳೂ ನೇರ ಕಣ್ಣಿಟ್ಟು ಹುಡುಗನನ್ನು ನೋಡ್ತಾಳೆ, ಬುಲೆಟ್ ಓಡಿಸ್ತಾಳೆ, ಟ್ರ್ಯಾಕ್ಟರ್ ತಗೊಂಡು ಅವನ ಮನೆ ಕಡೆ ಬರ್ತಾಳೆ. ಅವಳಿಗೆ ಕಾಕಾನೂ ಸೀಟಿ ಹೊಡೆದಿದ್ದರು. ಯಾಕೆ? ಅವಳು ದೊಡ್ಡವರ ಮನೆ ಮಗಳು, ಅವಳ ಧಿಮಾಕು ಊರಿಗೆ ಪರಿಚಯದ ಧಿಮಾಕು, ಅದೊಂದು ಇರಬಹುದು. ಇನ್ನೊಂದು, ಕೊನೆಗೆ ಸಿನಿಮಾ ಅವಳಿಂದ ಪೂರಾ ಬೆಲೆ ವಸೂಲಿ ಮಾಡ್ತದೆ. ಮಂಜುಳೆ ಅದನ್ನ ತೋರಿಸಿದ್ದು ನಮಗೆ ನಾಚಿಕೆ ಆಗಲಿ ಅಂತ. ಆದರೆ ನೋಡೋರಲ್ಲಿ ಕೆಲವರಿಗೆ ಅದು ಸಮಾಧಾನವೂ ಆಗಿರಬಹುದಾ ಅನ್ನೋ ಅನುಮಾನ ನನ್ನನ್ನ ಬಿಟ್ಟಿಲ್ಲ. ಮೀರಾ ಹಾಗಲ್ಲ. ಅವಳು ಬೆಳೀತಾಳೆ. ನೋಡಿದ್ದು, ಇಷ್ಟಪಟ್ಟಿದ್ದು, ಪೆಟ್ಟು ತಿಂದಿದ್ದು ಎಲ್ಲ ಹೊತ್ತುಕೊಂಡೇ ದೊಡ್ಡವಳಾಗ್ತಾಳೆ. ಕೇಳೋರಿಗೆ ಕಷ್ಟ ಇರೋದು ಅಲ್ಲೇ ಏನೋ.

ಹೀಗೆ ಯೋಚಿಸ್ತಿರುವಾಗ ಚಿಗವ್ವ ಹಾಸಿಗೆ ಹೊದ್ದು ನನ್ನ ಪಕ್ಕ ಬಂದು ಮಲಗಿದಳು.

ನಮ್ಮ ಮನೆಯಲ್ಲಿ ಒಂದು ಹಳೇ ಚಾಷ್ಟಿ ಇದೆ. ಕಾಕಾಗೆ ಪಿಚ್ಚರ್ ಹುಚ್ಚು, ಚಿಗವ್ವಗೆ ಪಿಚ್ಚರ್ ಅಂದ್ರೆ ತಲೆನೋವು. ಮದುವೆಯಾದ ಹೊಸತರಲ್ಲೂ ಟಾಕೀಸಿಗೆ ಹೋಗಲಿಲ್ಲವಂತೆ. ನಾವೆಲ್ಲ ನಕ್ಕಿದ್ದೇವೆ.

"ತಲಿನೋವ್ ಅಲ್ಲ ಅದು" ಅಂದಳು ಕತ್ತಲಲ್ಲಿ. "ನಾ ಎಂಟನೇ ಇದ್ದೆ. ಅಕ್ಕನ ಜೋಡಿ ಹೋಗಿದ್ದೆ. ಹಿಂದಿನ ಸೀಟಿನಾಂವ. ಆ ಪಿಚ್ಚರದಾಗ ತೋರಿಸಿದಂಗೇ."

ಯಾರಿಗಾದರೂ ಹೇಳಿದಿಯಾ ಅಂದೆ.

"ಯಾರಿಗಿ ಹೇಳಾದು? ಹೇಳಿದ್ರ ಸಾಲಿ ಬಿಡಸ್ತಿದ್ರು." ಸ್ವಲ್ಪ ಹೊತ್ತು ಬಿಟ್ಟು, "ಹೇಳಲಿಲ್ಲ. ಆದ್ರೂ ಬಿಡಸಿದ್ರು. ಅದು ಬ್ಯಾರೆ ಮಾತು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಕೈ ಹಿಡಿದುಕೊಂಡೆ. ಬೆಳ್ಳುಳ್ಳಿ ವಾಸನೆ.

ಬೆಳಿಗ್ಗೆ ಕಾಕಾ ಹಲ್ಲುಜ್ಜುತ್ತಾ ಅಂಗಳದಲ್ಲಿದ್ದಾಗ ಹೋಗಿ ನಿಂತೆ. "ಪ್ರೇಮಲೋಕ ಎಷ್ಟು ಸಲ ನೋಡೀರಿ, ಕಾಕಾ?" ಅಂದೆ. "ಏಳು" ಅಂದರು ಹೆಮ್ಮೆಯಿಂದ. "ಕೆಟ್ಟೀರೇನು?" ನಕ್ಕರು. ಆಮೇಲೆ ನಗು ನಿಂತಿತು. "ನೀ ಬೆಂಗಳೂರಾಗ ಇರ್ತಿ, ನಿಂಗ ನಡೀತದ. ಇಲ್ಲಿ ಪೋರಿ ಒಂದಿನ ಬಸ್ಸಿನಾಗ ಯಾವನ ಜೋಡಿಯರ ಮಾತಾಡಿದ್ರ ಸಂಜಿಗಿ ಕಟ್ಟಿ ಮ್ಯಾಲ ಸುದ್ದಿ. ಯಾವನರ ಫೋನಿನಾಗ ಫೋಟೋ ಹೊಡಕೊಂಡ್ರ ಮುಗೀತು."

ಅವರ ಹೆದರಿಕೆ ಸುಳ್ಳು ಅಂತ ನಾನು ಹೇಳಲಾರೆ. ಪೃಥ್ವಿ ಕೋಣನೂರು ಅವರ 'ಹದಿನೇಳೆಂಟು' ಇರೋದು ಪೂರಾ ಆ ಹೆದರಿಕೆಯ ಬಗ್ಗೆಯೇ. 2022ರಲ್ಲಿ ಬೂಸಾನ್ ಚಿತ್ರೋತ್ಸವಕ್ಕೆ ಹೋಗಿತ್ತು, ಅದೇ ವರ್ಷ ಗೋವಾದಲ್ಲಿ ಇಂಡಿಯನ್ ಪನೋರಮಾ ಶುರುವಾಗಿದ್ದು ಅದರಿಂದಲೇ. ಕಾಲೇಜಿನ ಇಬ್ಬರು ಮಕ್ಕಳ ಖಾಸಗಿ ವಿಡಿಯೋ ಹೊರಗೆ ಬೀಳ್ತದೆ, ಜಾತಿ ಬರ್ತದೆ, ವಿಚಾರಣೆ ಬರ್ತದೆ. ಹುಡುಗಿಗೆ ಬೀಳೋ ಪೆಟ್ಟು ಹುಡುಗನಿಗಿಂತ ಜಾಸ್ತಿ. ಕಾನೂನೂ ಇದೆ. ಪೋಕ್ಸೊ ಪ್ರಕಾರ ಹದಿನೆಂಟರ ಕೆಳಗಿನವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಈ ವಯಸ್ಸಿನ ಬಗ್ಗೆ ಮರುಯೋಚನೆ ಮಾಡಬೇಕು ಅಂತ 2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ ಹೇಳಿತ್ತು. ಇಳಿಸೋದು ಬೇಡ ಅಂತ 2023ರಲ್ಲಿ ಕಾನೂನು ಆಯೋಗ ಹೇಳಿತು. ಅಷ್ಟು ದೊಡ್ಡವರೇ ಒಂದು ಮಾತಿಗೆ ಬರದ ವಿಷಯಕ್ಕೆ ಶಿರವಾಳದ ಕಾಕಾ ಕಂಡುಕೊಂಡ ಪರಿಹಾರ ಫೋನು ಕಿತ್ತುಕೊಳ್ಳೋದು.

ಅಷ್ಟೇ ಆಗಿದ್ದರೆ ಈ ಅಂಕಣ ಬರೀತಿರಲಿಲ್ಲ. ಬಾಯಿ ಮುಕ್ಕಳಿಸಿ ಕಾಕಾ ಹೇಳಿದರು: "ಸುರಪುರ ಕಡೀಂದ ಒಂದು ಸಂಬಂಧ ಬಂದದ. ಪರೀಕ್ಷಾ ಮುಗೀಲಿ ಅಂದೀನಿ."

ತಂಗಿಗೆ ಮಾರ್ಚಿಗೆ ಹದಿನೆಂಟು ತುಂಬ್ತದೆ. ಅವಳಿಗೆ ನರ್ಸಿಂಗ್ ಓದಬೇಕು. ಯಾವ ಹುಡುಗನನ್ನು ನೋಡ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಕೇಳಿಲ್ಲ. ಸಿನಿಮಾ ನೋಡುವಾಗ ಅವಳು ಹೇಳಿದ್ದು ಒಂದೇ ಮಾತು. ಮೀರಾ ಕ್ಲಾಸಿನಲ್ಲಿ ಕೂತಿದ್ದಾಗ, "ಅಕ್ಕಾ, ಇವಳ ಸಾಲಿ ಎಷ್ಟ್ ಚಂದ ಅದ ನೋಡು" ಅಂದಳು. ಪ್ರೇಮ ಕಂಡಿದ್ದು ಕಾಕಾಗೆ ಮಾತ್ರ.

ಬೆಂಗಳೂರಿಗೆ ವಾಪಸ್ ಬಂದು ಇದನ್ನ ಬರೆಯಲಾ ಬೇಡವಾ ಅಂತ ವಾರ ಒದ್ದಾಡಿ, ಕೊನೆಗೆ ಚಿಗವ್ವಗೆ ಫೋನ್ ಮಾಡಿದೆ. ಟಾಕೀಸಿನ ಮಾತು ಬಿಟ್ಟು ಉಳಿದದ್ದು ಬರೀತೀನಿ ಅಂದೆ.

"ಅದೂ ಬರಿ. ಹೆಸರು ಹಾಕಬ್ಯಾಡ, ಅಷ್ಟೇ" ಅಂದಳು.

ಕಾಕಾ ಓದಿದರೆ?

"ಓದ್ತಾರ. ರಾತ್ರಿ ಮಂದಿ ಮಲಗಿದ ಮ್ಯಾಲ ಫೋನಿನಾಗ ನಿಂದು ಓದ್ತಿರ್ತಾರ, ನಾ ನೋಡೀನಿ. ನಂಗ ಬಾಯಿ ಬಿಟ್ಟು ಹೇಳಾಕ ಆಗಲ್ಲ. ನೀ ಬರಿ, ಅವ್ರು ಓದ್ಲಿ." ಆಮೇಲೆ ದನಿ ಸ್ವಲ್ಪ ಬದಲಾಯಿತು. "ಅಂದಂಗ, ಆ ಪಿಚ್ಚರ್ ಅರ್ಧಕ್ಕೇ ನಿಂತ್ತಲ್ಲ. ಆ ಹುಡುಗಿ ಮುಂದ ಓದ್ತಾಳೇನು?"

"ನೀನೇ ನೋಡಿ ಹೇಳು ಚಿಗವ್ವ" ಅಂದೆ. "ತಂಗಿ ಫೋನ್ ವಾಪಸ್ ಕೊಟ್ಟಾರೇನು?"

"ಇನ್ನೂ ಇಲ್ಲ" ಅಂದಳು.