ನಮ್ಮೂರಿನ ಕಥೆಗೆ ಪರದೇಶದ ಬೆಲೆ



ನಮ್ಮ ಮಾರನಹಳ್ಳಿಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಬಿಡುವ ಮಾತಿಲ್ಲ. ಸಕಲೇಶಪುರದಿಂದ ದೋಣಿಗಾಲ್ ದಾಟಿ ಶಿರಾಡಿ ಘಟ್ಟದತ್ತ ಇಳಿಯುವ ಹೆದ್ದಾರಿಯ ಮಗ್ಗುಲಿನಲ್ಲಿರುವ ನಮಗೆ, ರಸ್ತೆ ತೆರೆದಿದೆಯೋ ಮುಚ್ಚಿದೆಯೋ ಎಂಬುದೇ ದಿನದ ಮೊದಲ ಸುದ್ದಿ. 2018ರಲ್ಲಿ ಘಟ್ಟದ ರಸ್ತೆ ತಿಂಗಳುಗಟ್ಟಲೆ ಮುಚ್ಚಿತ್ತು. 2024ರ ಜುಲೈನಲ್ಲಿ ದೊಡ್ಡತಪ್ಪಲೆಯ ಬಳಿ ಮತ್ತೆ ಗುಡ್ಡ ಜರಿಯಿತು. ಇಂತಹ ಊರಿನಲ್ಲಿ ಕುಳಿತು ಒಂದು ಪುಸ್ತಕಕ್ಕಾಗಿ ನಾಲ್ಕು ತಿಂಗಳು ಕಾದ ಕಥೆಯನ್ನು ಹೇಳಿ, ಆ ನೆಪದಲ್ಲಿ ಒಂದು ಜಗಳವನ್ನೂ ತೆಗೆಯಬೇಕೆಂದಿದ್ದೇನೆ. ಜಗಳ ಮಳೆಯೊಂದಿಗಲ್ಲ, ರಸ್ತೆಯೊಂದಿಗೂ ಅಲ್ಲ, ಪುಸ್ತಕದ ಬೆಲೆಯೊಂದಿಗೆ.

ನನ್ನ ತಂಗಿಯ ಮೊಮ್ಮಗಳು ಹಾಸನದಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದಾಳೆ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟೆ 1979ರಲ್ಲಿ ಪೂರ್ಣಗೊಂಡ ಮೇಲೆ ನೀರು ಪಡೆದ ಊರುಗಳಲ್ಲಿ ಏನಾಯಿತು, ನೀರು ಸಿಗದ ಊರುಗಳಲ್ಲಿ ಏನಾಯಿತು ಎಂಬುದರ ಬಗೆಗೆ ಅವಳು ಒಂದು ಸಣ್ಣ ಪ್ರಬಂಧ ಬರೆಯಬೇಕಾಗಿತ್ತು. ಹಿನ್ನೀರಿಗೆ ಜಮೀನು ಕೊಟ್ಟವರು ಆಲೂರು ಸೀಮೆಯ ನಮ್ಮ ನೆಂಟರಲ್ಲಿಯೂ ಇದ್ದಾರಾದ್ದರಿಂದ ಈ ಪ್ರಶ್ನೆ ಅವಳಿಗೆ ಬರಿಯ ಪರೀಕ್ಷೆಯ ಪ್ರಶ್ನೆಯಾಗಿರಲಿಲ್ಲ. ಅವಳ ಅಧ್ಯಾಪಕರು, "ಮೊದಲು ಎಪ್‌ಸ್ಟೈನ್ ಓದು" ಎಂದರಂತೆ. ಹುಡುಗಿ ನನಗೆ ಫೋನು ಮಾಡಿ, "ಅಜ್ಜಾ, ಆ ಪುಸ್ತಕ ಎಲ್ಲಿ ಸಿಗುತ್ತದೆ?" ಎಂದಳು.

ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬಾಕೆ 1922ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡನ್ನು ಸೇರಿದ ಯಹೂದಿ ಹೆಣ್ಣುಮಗಳು. ಮ್ಯಾಂಚೆಸ್ಟರಿನಲ್ಲಿ ಓದಿ, 1954ರಿಂದ 1956ರವರೆಗೆ ನಮ್ಮ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ಮಾಡಿದರು. ಆ ಹಳ್ಳಿಗಳಿಗೆ ಅವರು ಕೊಟ್ಟ ಮರೆಹೆಸರುಗಳು ವಂಗಲ ಮತ್ತು ದಲೇನ. ವಿಶ್ವೇಶ್ವರಯ್ಯ ನಾಲೆಯ ನೀರು ವಂಗಲಕ್ಕೆ ಬಂದಿತು. ಎತ್ತರದಲ್ಲಿದ್ದ ದಲೇನಕ್ಕೆ ಬರಲಿಲ್ಲ. ನೀರು ಬಂದ ಊರಿನಲ್ಲಿ ಕಬ್ಬು ಬೆಳೆಯಿತು, ಹಣ ಹರಿಯಿತು. ಆದರೆ ಒಕ್ಕಲಿಗನಿಗೂ ಅವನ ಆಳಿಗೂ ನಡುವಿನ ತಲೆಮಾರುಗಳ ಕಟ್ಟುಪಾಡು ಹಾಗೆಯೇ ಉಳಿಯಿತು. ನೀರು ಬಾರದ ಊರಿನವರು ಮಂಡ್ಯದ ಕಾರ್ಖಾನೆಗೆ, ಗಾಡಿ ಬಾಡಿಗೆಗೆ, ವ್ಯಾಪಾರಕ್ಕೆ ಹೊರಟರು. ಹಳೆಯ ಕಟ್ಟುಪಾಡು ಅಲ್ಲಿ ಸಡಿಲಿತು. ಒಣ ಊರೇ ಹೆಚ್ಚು ಬದಲಾಯಿತು ಎಂಬ ಈ ತೀರ್ಮಾನ ಇಂದಿಗೂ ಯೋಚನೆಗೆ ಹಚ್ಚುವಂಥದ್ದು. ‘ಎಕನಾಮಿಕ್ ಡೆವಲಪ್‌ಮೆಂಟ್ ಅಂಡ್ ಸೋಷಿಯಲ್ ಚೇಂಜ್ ಇನ್ ಸೌತ್ ಇಂಡಿಯಾ’ ಎಂಬ ಹೆಸರಿನಲ್ಲಿ 1962ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಮುದ್ರಣಾಲಯ ಇದನ್ನು ಪ್ರಕಟಿಸಿತು.

ಕನ್ನಡ ನೆಲದ ಎರಡು ಹಳ್ಳಿಗಳ ಕಥೆ. ಹಾಗಿದ್ದರೆ ಹಾಸನದ ಅಂಗಡಿಯಲ್ಲಿ ಸಿಗಬೇಡವೇ? ಕೇಳಿದೆ. ಅಂಗಡಿಯವರು ಸ್ಪರ್ಧಾತ್ಮಕ ಪರೀಕ್ಷೆಗಳ ದಪ್ಪ ಪುಸ್ತಕಗಳ ಕಡೆಗೆ ಕೈ ತೋರಿಸಿದರು. ಕನ್ನಡದಲ್ಲಾದರೂ ಇದೆಯೇ ಎಂದೆ. ನಕ್ಕರು.

ಕೊನೆಗೆ ಮೊಮ್ಮಗಳ ಮೊಬೈಲಿನಲ್ಲಿ ಅಂತರ್ಜಾಲದ ಅಂಗಡಿಗಳನ್ನು ತೆರೆದೆವು. ಆಗ ಕಂಡ ಬೆಲೆಗಳನ್ನು ನೋಡಿ, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಬೇಡಿಕೆ ಮತ್ತು ಪೂರೈಕೆಯ ಪಾಠ ಹೇಳಿದ ನನಗೇ ಅರ್ಥಶಾಸ್ತ್ರದಲ್ಲಿ ನಂಬಿಕೆ ಅಲುಗಾಡಿತು. ಒಂದೇ ಪುಸ್ತಕ, ಒಂದೇ ದಿನ, ಒಂದೇ ಪರದೆ: ಒಬ್ಬನು ಹಳೆಯ ಪ್ರತಿಗೆ ಒಂದು ಅಕ್ಕಿ ಮೂಟೆಯ ಬೆಲೆ ಕೇಳಿದರೆ, ಇನ್ನೊಬ್ಬನು ಅದರ ಹತ್ತು ಪಟ್ಟು ಕೇಳುತ್ತಿದ್ದನು. ಇದು ಮನುಷ್ಯರು ಕಟ್ಟಿದ ಬೆಲೆಯಲ್ಲ. 2011ರಲ್ಲಿ ಅಮೆಜಾನಿನಲ್ಲಿ ನೊಣದ ಬೆಳವಣಿಗೆಯ ಕುರಿತಾದ ಒಂದು ಶಾಸ್ತ್ರಗ್ರಂಥದ ಬೆಲೆ 2 ಕೋಟಿ 36 ಲಕ್ಷ ಡಾಲರುಗಳನ್ನು ದಾಟಿತ್ತು. ಇಬ್ಬರು ಮಾರಾಟಗಾರರ ಕಂಪ್ಯೂಟರುಗಳು ಒಂದನ್ನೊಂದು ನೋಡಿ ದಿನವೂ ಬೆಲೆ ಏರಿಸುತ್ತಾ ಹೋದದ್ದೇ ಅದಕ್ಕೆ ಕಾರಣ. ಕೊಳ್ಳುವವರು ಯಾರೂ ಇರಲಿಲ್ಲ. ಕೊಳ್ಳುವವನೇ ಇಲ್ಲದ ಬೆಲೆಯನ್ನು ಬೆಲೆ ಎಂದು ಕರೆಯುವುದು ಹೇಗೆ?

ಮೊದಲು ‘ಹೊಚ್ಚ ಹೊಸದು’ ಎಂದು ಬರೆದಿದ್ದ ಒಂದು ಪ್ರತಿಗೆ, ಮನಸ್ಸು ಗಟ್ಟಿ ಮಾಡಿ, ಪಿಂಚಣಿಯ ಹಣ ಕಟ್ಟಿದೆ. ಕೊರಿಯರಿನವನು ಸಕಲೇಶಪುರದಿಂದ ಫೋನು ಮಾಡಿ, "ಮಳೆ ಸಾರ್, ಇಲ್ಲಿಗೇ ಬನ್ನಿ" ಎಂದನು. ಕೊಡೆ ಹಿಡಿದು ಹೋಗಿ ತಂದೆ. ಬಿಚ್ಚಿ ನೋಡಿದರೆ ಹೊಸ ರಟ್ಟಿನೊಳಗೆ ಹಳೆಯ ಪ್ರತಿಯ ಜೆರಾಕ್ಸು! ಅಕ್ಷರಗಳನ್ನು ಹೇಗೋ ಓದಬಹುದಾಗಿತ್ತು. ಆದರೆ ಮನೆಮನೆಯ ಆದಾಯ ಮತ್ತು ಖರ್ಚಿನ ಕೋಷ್ಟಕಗಳು ಮಸಿ ಚೆಲ್ಲಿದಂತಿದ್ದವು. ಇಂತಹ ಪುಸ್ತಕದ ಜೀವವಿರುವುದೇ ಕೋಷ್ಟಕಗಳಲ್ಲಿ. ಹಿಂದಿರುಗಿಸಿದೆ, ಹಣ ಮರಳಿ ಬರುವಷ್ಟರಲ್ಲಿ ಶ್ರಾವಣ ಕಳೆದಿತ್ತು.

ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತು ಒಂದು ಪ್ರಸಿದ್ಧ ಲೇಖನ ಬರೆದರು. 2001ರ ನೊಬೆಲ್ ಪ್ರಶಸ್ತಿಗೆ ಅದೂ ಕಾರಣವಾಯಿತು. ಸರಕಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾದಾಗ ಕೆಟ್ಟ ಸರಕು ಒಳ್ಳೆಯ ಸರಕನ್ನು ಮಾರುಕಟ್ಟೆಯಿಂದ ಓಡಿಸುತ್ತದೆ ಎಂಬುದು ಅದರ ಸಾರ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕವನ್ನು ಕೈಯಲ್ಲಿ ಹಿಡಿದು, ಹಾಳೆ ತಿರುವಿ, ಹುಳು ತಿಂದ ಕಡೆ ಬೆರಳಿಟ್ಟು ಚೌಕಾಶಿ ಮಾಡುತ್ತಿದ್ದ ಕಾಲದಲ್ಲಿ ಈ ಅಜ್ಞಾನ ಅಷ್ಟಾಗಿ ಇರಲಿಲ್ಲ. ಪರದೆಯ ಮೇಲೆ ರಕ್ಷಾಪುಟದ ಚಿತ್ರವನ್ನಷ್ಟೇ ಕಂಡು ಕೊಳ್ಳುವ ನಾವು ಅಕರ್ಲಾಫರ ಪಾಠಕ್ಕೆ ಜೀವಂತ ಉದಾಹರಣೆಗಳಾಗಿದ್ದೇವೆ.

ಎರಡನೆಯ ಸಲ, ಪರದೇಶದಿಂದ ಬರುವ ಹಳೆಯ ಪ್ರತಿಯನ್ನೇ ತರಿಸಿದೆ. ಬಂದಿತು. ಬಣ್ಣ ಮಾಸಿದ ಬಟ್ಟೆಯ ರಟ್ಟು, ಗಟ್ಟಿಯಾದ ಹೊಲಿಗೆ, ಅಚ್ಚುಕಟ್ಟಾದ ಕೋಷ್ಟಕಗಳು. ಮೊದಲ ಪುಟದಲ್ಲಿ ಇಂಗ್ಲೆಂಡಿನ ಒಂದು ಕಾಲೇಜಿನ ಮುದ್ರೆ, ಅದರ ಮೇಲೆ ‘ಗ್ರಂಥಾಲಯದಿಂದ ತೆಗೆದುಹಾಕಲಾಗಿದೆ’ ಎಂಬರ್ಥದ ಇನ್ನೊಂದು ಮುದ್ರೆ. ಹಿಂಬದಿಯ ಚೀಟಿಯಲ್ಲಿ ಕಡೆಯ ದಿನಾಂಕ 1987. ಒಂದು ಪುಟದಲ್ಲಿ ರಾಗಿ ಎಂಬ ಪದದ ಪಕ್ಕದಲ್ಲಿ ಯಾರೋ ವಿದ್ಯಾರ್ಥಿ ಪೆನ್ಸಿಲಿನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದನು. ರಾಗಿ ಎಂದರೇನೆಂದು ತಿಳಿಯದವನ ಕಪಾಟಿನಲ್ಲಿ ಈ ಪುಸ್ತಕ ದಶಕಗಟ್ಟಲೆ ಇತ್ತು. ರಾಗಿ ತಿಂದು ಬೆಳೆದವರ ಮಕ್ಕಳಿಗೆ ಅದನ್ನು ನೋಡಲೂ ಸಿಗಲಿಲ್ಲ. ನನ್ನ ಜಗಳದ ಮೂಲ ಇಷ್ಟೇ.

ಇಲ್ಲಿ ಕೆಲವರು ನನ್ನನ್ನು ಎದುರಿಸಬಹುದು. ಹಳೆಯ ಪ್ರತಿ ಕೊಂಡರೆ ಲೇಖಕರಿಗೆ ಒಂದು ಕಾಸೂ ಸೇರದು, ಇದು ನ್ಯಾಯವೇ ಎಂದು. ನ್ಯಾಯವೇ. ಒಮ್ಮೆ ಮಾರಾಟವಾಗಿ ಚಲಾವಣೆಯಲ್ಲಿರುವ ಪ್ರತಿಯ ಮೇಲೆ ಪ್ರಕಾಶಕರಿಗೆ ಎರಡನೆಯ ಸಲ ಹಕ್ಕಿಲ್ಲವೆಂದು ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯೇ ಒಪ್ಪುತ್ತದೆ. ಅದಕ್ಕಿಂತ ಹಳೆಯದು ನಮ್ಮ ಶಾಲೆಗಳ ರೂಢಿ. ಬೇಸಿಗೆ ರಜೆ ಮುಗಿಯುವ ಮುನ್ನ ಏಳನೆಯ ತರಗತಿಯವನ ಪುಸ್ತಕ ಆರನೆಯವನ ಕೈಗೆ ಅರ್ಧ ಬೆಲೆಗೆ ದಾಟುತ್ತಿತ್ತು. ಹಳೆಯ ಪಂಚಾಂಗದ ಹಾಳೆಯ ಹೊದಿಕೆ, ಒಳಗೆ ಮೂವರು ಹುಡುಗರ ಹೆಸರು. ಆ ಅರ್ಧ ಬೆಲೆ ಇಲ್ಲದಿದ್ದರೆ ತೋಟದ ಲೈನ್ ಮನೆಗಳ ಎಷ್ಟು ಮಕ್ಕಳು ನನ್ನ ತರಗತಿಯಲ್ಲಿ ಕುಳಿತಿರುತ್ತಿದ್ದರು? ಈ ದಾಟುವಿಕೆಯನ್ನು ತಡೆಯುವ ಉಪಾಯ ದೊಡ್ಡ ಪ್ರಕಾಶಕರಿಗೆ ಚೆನ್ನಾಗಿ ಗೊತ್ತು. ಸ್ಯಾಮ್ಯುಯೆಲ್ಸನ್ನರ ‘ಎಕನಾಮಿಕ್ಸ್’ 1948ರಲ್ಲಿ ಮೊದಲು ಬಂದು, ಮೂರು ಮೂರು ವರ್ಷಗಳಿಗೊಮ್ಮೆ ಎಂಬಂತೆ ಹೊಸ ಆವೃತ್ತಿಗಳನ್ನು ಕಾಣುತ್ತಾ ಹತ್ತೊಂಬತ್ತನ್ನು ಮುಟ್ಟಿತು. ಶಾಸ್ತ್ರ ಬೆಳೆದದ್ದು ಒಂದು ಕಾರಣವಿರಬಹುದು. ಪುಟಸಂಖ್ಯೆ ಬದಲಾದೊಡನೆ ಅಣ್ಣನ ಪುಸ್ತಕ ತಮ್ಮನಿಗೆ ನಿರುಪಯುಕ್ತವಾಗುವುದು ಇನ್ನೊಂದು ಫಲ.

ಪ್ರಕಾಶಕರ ಇನ್ನೊಂದು ಸಮರ್ಥನೆ, ಶಾಸ್ತ್ರಗ್ರಂಥಗಳನ್ನು ಕೊಳ್ಳುವವರು ಕಡಿಮೆ, ಆದ್ದರಿಂದ ಬೆಲೆ ಹೆಚ್ಚು ಎಂಬುದು. ಇದು ಬಾವಿಯ ಹಗ್ಗವನ್ನು ಕತ್ತರಿಸಿ, ನೀರು ಸೇದುವವರಿಲ್ಲವೆಂದು ದೂರಿದಂತೆ. ಶ್ರೀಮಂತ ಗ್ರಂಥಾಲಯಗಳನ್ನೇ ಗಿರಾಕಿಗಳೆಂದು ಎಣಿಸಿ ಬೆಲೆ ಇಟ್ಟ ಮೇಲೆ ಉಳಿದವರು ಕೊಳ್ಳುವುದೆಂತು? ನಾನು ಬಿ.ಎ. ಓದುವಾಗ ಲಿಪ್ಸೀ ಅವರ ಅರ್ಥಶಾಸ್ತ್ರವನ್ನು ಇ.ಎಲ್.ಬಿ.ಎಸ್. ಎಂಬ ಸುಲಭ ಬೆಲೆಯ ಮಾಲೆಯಲ್ಲಿ ಕೊಂಡಿದ್ದೆ. ಬ್ರಿಟಿಷ್ ಸರ್ಕಾರದ ಸಹಾಯಧನದಿಂದ ಬರುತ್ತಿದ್ದ ಆ ಮಾಲೆ 1990ರ ದಶಕದ ಕೊನೆಯಲ್ಲಿ ನಿಂತುಹೋಯಿತು. ಬೆಲೆ ಇಳಿದಾಗ ಹಾಸನದ ಹುಡುಗನೂ ಓದುಗನಾದನು ಎಂಬುದಕ್ಕೆ ನಾನೇ ಸಾಕ್ಷಿ.

"ಇಷ್ಟೆಲ್ಲ ಏಕೆ, ಪಿಡಿಎಫ್ ಇಳಿಸಿಕೊಳ್ಳಿ ಸಾರ್" ಎನ್ನುವ ಹಳೆಯ ಶಿಷ್ಯರೂ ಇದ್ದಾರೆ. ಕದ್ದು ಓದುವುದನ್ನು ನಾನು ಬೋಧಿಸಲಾರೆ. ಆದರೆ ಕದಿಯದೆ ಓದುವ ದಾರಿಯೇ ಇಲ್ಲದಂತೆ ಮಾಡಿದವರಿಗೆ ನೀತಿಪಾಠ ಹೇಳುವ ಹಕ್ಕಿಲ್ಲ. ದೆಹಲಿ ವಿಶ್ವವಿದ್ಯಾಲಯದ ಬಳಿಯ ಒಂದು ಜೆರಾಕ್ಸ್ ಅಂಗಡಿಯ ಮೇಲೆ 2012ರಲ್ಲಿ ಮೂರು ದೊಡ್ಡ ವಿದೇಶಿ ಪ್ರಕಾಶನ ಸಂಸ್ಥೆಗಳು ಮೊಕದ್ದಮೆ ಹೂಡಿದವು. ಪಾಠಕ್ಕಾಗಿ ಪುಟಗಳನ್ನು ನಕಲು ಮಾಡಿಕೊಡುವುದು ತಪ್ಪಲ್ಲವೆಂದು 2016ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. ಅಂದರೆ ಕಾನೂನು ವಿದ್ಯಾರ್ಥಿಯ ಶತ್ರುವಲ್ಲ.

ಅಷ್ಟೇ ಅಲ್ಲ. ಎಪ್‌ಸ್ಟೈನ್ 2014ರಲ್ಲಿ ತೀರಿಕೊಂಡರು. ನಮ್ಮ ಕಾನೂನಿನಂತೆ ಲೇಖಕರ ಮರಣದ ನಂತರ 60 ವರ್ಷ, ಎಂದರೆ 2074ರ ಕೊನೆಯವರೆಗೆ, ಈ ಪುಸ್ತಕಕ್ಕೆ ಬೀಗ. 1954ರಲ್ಲಿ ಅವರಿಗೆ ಲೆಕ್ಕ ಒಪ್ಪಿಸಿದ ರೈತನ ಮರಿಮಗನೂ ಆಗ ಮುದುಕನಾಗಿರುತ್ತಾನೆ. ಆದರೆ ಅದೇ ಕಾಯಿದೆಗೆ 1983ರಲ್ಲಿ ತಿದ್ದುಪಡಿಯಾಗಿ ಎರಡು ಕಿಟಕಿಗಳನ್ನು ತೆರೆಯಲಾಗಿದೆ. ವಿದೇಶೀ ಕೃತಿಯೊಂದನ್ನು ಬೋಧನೆ ಮತ್ತು ಸಂಶೋಧನೆಗಾಗಿ ಭಾರತದ ಭಾಷೆಗೆ ಅನುವಾದಿಸಲು ಪರವಾನಗಿ ಕೇಳಬಹುದು. ಇಲ್ಲಿಗೆ ತಕ್ಕ ಬೆಲೆಯಲ್ಲಿ ಪುಸ್ತಕ ಸಿಗದಿದ್ದರೆ ಪಾಠದ ಉಪಯೋಗಕ್ಕಾಗಿ ಮರುಮುದ್ರಿಸಲೂ ಕೇಳಬಹುದು. ಹಕ್ಕುದಾರರಿಗೆ ಗೌರವಧನ ಸಲ್ಲಬೇಕು, ಅಷ್ಟೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೇ? ಇಲ್ಲಿ ಪೂಜಾರಿಗಳು ಮ್ಯಾಂಚೆಸ್ಟರಿನವರಲ್ಲ. ನಮ್ಮ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು, ಪ್ರಾಧಿಕಾರಗಳು, ಅಕಾಡೆಮಿಗಳು. ಅರ್ಜಿ ಹಾಕಬೇಕಾದವರು ಅವರು.

ಸರ್ಕಾರಗಳ ನಡೆಯೂ ವಿಚಿತ್ರ. 2019ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಆಮದಾಗುವ ಪುಸ್ತಕಗಳ ಮೇಲೆ ಶೇಕಡಾ 5ರ ಸುಂಕ ಹಾಕಿತು. ನಮ್ಮ ಕಥೆ ನಮ್ಮ ಮನೆಗೆ ಮರಳಲು ಸುಂಕ! 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ನೋಂದಾಯಿತ ಬುಕ್ ಪೋಸ್ಟನ್ನು ಸದ್ದಿಲ್ಲದೆ ನಿಲ್ಲಿಸಿತು. ಕೂಗಾಟವಾದ ಮೇಲೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂದಿದೆ: 300 ಗ್ರಾಮಿಗೆ 20 ರೂಪಾಯಿಯಿಂದ 5 ಕಿಲೋಗೆ 100 ರೂಪಾಯಿಯವರೆಗೆ, ತೆರಿಗೆ ಬೇರೆ. ಇದನ್ನು ಮನಸಾರೆ ಮೆಚ್ಚುತ್ತೇನೆ. ಗುಡ್ಡದ ಮೇಲಿನ ಓದುಗನಿಗೆ ಅಂಚೆಯಣ್ಣನೇ ಗತಿ. ಇನ್ನು ನಮ್ಮ ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಂತೆ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತಲೇ ಇದ್ದೇವೆ. ಆ ಹಣದಲ್ಲಿ ಜಿಲ್ಲೆಗೊಂದು ಪ್ರತಿಯಾದರೂ, ಕರ್ನಾಟಕದ ಹಳ್ಳಿಗಳ ಮೇಲೆ ಬಂದಿರುವ ಇಂತಹ ಅಧ್ಯಯನಗಳನ್ನು ಕೊಂಡಿಡಬಾರದೇ? ಹೊಸದು ದುಬಾರಿಯಾದರೆ ಹಳೆಯದನ್ನೇ ಕೊಳ್ಳಲಿ. ಹಳೆಯ ಪುಸ್ತಕದಲ್ಲಿನ ಜ್ಞಾನಕ್ಕೆ ಮುಗ್ಗುಲು ಹಿಡಿಯುವುದಿಲ್ಲ.

ಎಪ್‌ಸ್ಟೈನ್ ಅದೇ ಹಳ್ಳಿಗಳಿಗೆ ಮತ್ತೆ ಮತ್ತೆ ಬಂದರು. 1973ರಲ್ಲಿ ಇನ್ನೊಂದು ಪುಸ್ತಕ ಬರೆದರು. 1998ರಲ್ಲಿ ಸೂರ್ಯನಾರಾಯಣ ಮತ್ತು ತಿಮ್ಮೇಗೌಡ ಎಂಬ ಇಬ್ಬರು ಕನ್ನಡಿಗರನ್ನು ಸಹಲೇಖಕರನ್ನಾಗಿಸಿಕೊಂಡು ‘ವಿಲೇಜ್ ವಾಯ್ಸಸ್’ ಪ್ರಕಟಿಸಿದರು. ಆ ತಾಯಿ ಊರಿನ ಋಣವನ್ನು ತನ್ನ ಕೈಲಾದಷ್ಟು ತೀರಿಸಿದರು. ಅವರ ಪುಸ್ತಕವನ್ನು ಆ ಊರುಗಳ ಭಾಷೆಗೆ, ಆ ಊರುಗಳ ಬೆಲೆಗೆ ತರುವ ಋಣ ನಮ್ಮ ಮೇಲೆ ಉಳಿದಿದೆ.

ಮೊಮ್ಮಗಳ ಪ್ರಬಂಧ ಮುಗಿಯಿತು. ರಾಗಿಯ ಪಕ್ಕದ ಆ ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸಬೇಡವೆಂದು ಅವಳಿಗೆ ಹೇಳಿದ್ದೇನೆ. ಪುಸ್ತಕ ಈಗ ನಮ್ಮ ಮನೆಯ ಕಪಾಟಿನಲ್ಲಿದೆ. ಸಕಲೇಶಪುರ, ಆಲೂರು ಸೀಮೆಯ ಯಾವ ವಿದ್ಯಾರ್ಥಿಯಾದರೂ ಬಂದು ಓದಬಹುದು, ಹದಿನೈದು ದಿನಕ್ಕೆ ಕೊಂಡೊಯ್ಯಲೂಬಹುದು. ಹಿಂದಿನ ಚೀಟಿಯಲ್ಲಿ 1987ರ ಕೆಳಗೆ ಹೊಸ ದಿನಾಂಕಗಳಿಗೆ ಜಾಗ ಬೇಕಾದಷ್ಟಿದೆ.